ಹೊಟ್ಟಿ, ತಗ್ಗು, ಗೆರಿ: ಗಣಕಯಂತ್ರಕ್ಕೆ ಆಕಾರ ತಿಳಿಯುವ ಬಗೆ



ದತ್ತಿ ಉಪನ್ಯಾಸ ಎಂದರೆ ವಚನದ ಮೇಲೋ ಕುಮಾರವ್ಯಾಸನ ಮೇಲೋ ಮಾತಾಡಬಲ್ಲವರನ್ನು ಕರೆಸುವುದು ರೂಢಿ. ಈ ಸಲ ಟೂಲ್ ರೂಮಿನಲ್ಲಿ ಕೂದಲು ನರೆಸಿಕೊಂಡವನನ್ನು ಕರೆದಿದ್ದೀರಿ. ಪಿಂಪ್ರಿ-ಚಿಂಚವಾಡದ ಮಟ್ಟಿಗೆ ಇದು ಅಂಥ ತಪ್ಪೇನಲ್ಲ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಶುರುವಾಯಿತು. ಅರವತ್ತರ ದಶಕದಲ್ಲಿ ಎಂಐಡಿಸಿಯ ಕೈಗಾರಿಕಾ ಪ್ರದೇಶ, ಟೆಲ್ಕೊ, ಆಕುರ್ಡಿಯ ಬಜಾಜ್ ಬಂದವು. ಅವುಗಳ ಹಿಂದೆ ವಿಜಯಪುರ, ಕಲಬುರಗಿ, ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗರು ಟ್ರಂಕು ಹೊತ್ತು ಬಂದರು. ಈ ಸಭಾಗೃಹದಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಆ ಟ್ರಂಕಿನವರೋ ಅವರ ಮಕ್ಕಳೋ ಇರಬೇಕು. ನಾನು ಟ್ರಂಕಿನವನು.

ಭೋಸರಿಯ ಸಣ್ಣದೊಂದು ಟೂಲ್ ರೂಮಿನಲ್ಲಿ ನನಗೆ ಮೊದಲ ಕೆಲಸ. ಅಲ್ಲಿ ಇಂಡಿ ತಾಲ್ಲೂಕಿನವರೊಬ್ಬರು ಹಿರಿಯ ಫಿಟರು. ಮರಾಠಿಯವರಿಗೂ ನಮಗೂ ಅವರು ಮಾಮಾ. ಪ್ರೆಸ್ಸಿನಿಂದ ಬಾನೆಟ್ಟಿನ ತಗಡು ಹೊರಬಿತ್ತೆಂದರೆ ಮಾಮಾ ಕೈಗೆ ತೆಳ್ಳನೆಯ ಹತ್ತಿಯ ಗ್ಲೌಸು ಹಾಕಿಕೊಂಡು, ಬೆರಳು ಅಗಲಿಸದೆ, ಅಂಗೈಯನ್ನು ಇಡಿಯಾಗಿ ತಗಡಿನ ಮೇಲೆ ಇಟ್ಟು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಸವರುತ್ತಿದ್ದರು. ಎಮ್ಮೆಯ ಮೈ ಸವರಿದ ಹಾಗೆ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. "ತಮ್ಮಾ, ಇಲ್ಲಿ ಹೊಟ್ಟಿ ಬಂದೈತಿ." ಇನ್ನೊಂದು ಕಡೆ, "ಇಲ್ಲಿ ತಗ್ಗು." ಎಲ್ಲಕ್ಕಿಂತ ಕೆಟ್ಟ ಸುದ್ದಿ ಮೂರನೆಯದು: "ಇಲ್ಲಿ ಗೆರಿ ಐತಿ." ನಾನು ಬಗ್ಗಿ, ಓರೆಯಾಗಿ, ಬೆಳಕಿಗೆ ಹಿಡಿದು ನೋಡಿದರೂ ಏನೂ ಕಾಣುತ್ತಿರಲಿಲ್ಲ. "ಕಣ್ಣ ಮುಚ್ಚಿ ನೋಡು" ಎನ್ನುತ್ತಿದ್ದರು. ಆಮೇಲೆ ಅಲ್ಲಿ ಆಯಿಲ್ ಸ್ಟೋನ್ ಉಜ್ಜಿದರೆ ಉಬ್ಬಿದ ಕಡೆ ಮಾತ್ರ ಹೊಳಪು ಬಂದು, ಮಾಮಾ ಹೇಳಿದ್ದು ಖರೆಯಾಗುತ್ತಿತ್ತು.

ಹೊಟ್ಟಿ, ತಗ್ಗು, ಗೆರಿ. ಮೂರು ಆಯಾಮದ ಆಕಾರಗಳನ್ನು ಗಣಕಯಂತ್ರದಲ್ಲಿ ರಚಿಸುವ, ಪರೀಕ್ಷಿಸುವ ಶಾಸ್ತ್ರ ಒಂದಿದೆ. ನಾನು ಅದರಲ್ಲಿ ಮೂವತ್ತು ವರ್ಷ ಕೂಲಿ ಮಾಡಿದೆ. ಆ ಶಾಸ್ತ್ರದ ಬಹುಪಾಲು ಈ ಮೂರು ಮಾತಿಗೆ ಸಂಖ್ಯೆ ಕೊಡುವ ಪ್ರಯತ್ನ ಎಂಬುದೇ ಇವತ್ತಿನ ನನ್ನ ವಾದ.

ಮೊದಲನೆಯ ತೊಡಕು ಬರೆದಿಡುವುದು. ವೃತ್ತಕ್ಕೆ ತ್ರಿಜ್ಯ ಹೇಳಿದರೆ ಸಾಕು, ಪೆಟ್ಟಿಗೆಗೆ ಉದ್ದ-ಅಗಲ-ಎತ್ತರ. ಹೊಯ್ಸಳರ ತಿರುಗಣೆ ಕಂಬಕ್ಕೂ ಒಂದು ಪಕ್ಕದ ಗೆರೆ ಬರೆದು ಸುತ್ತ ತಿರುಗಿಸಿದರೆ ಮುಗಿಯಿತು. ಬಾನೆಟ್ಟಿಗೆ ಏನು ಹೇಳುತ್ತೀರಿ? ಹಡಗು ಕಟ್ಟುವವರು ತೆಳು ಮರದ ಪಟ್ಟಿಯನ್ನು ಬಾಗಿಸಿ, ಸೀಸದ ತೂಕಗಳನ್ನು ಇಟ್ಟು ಹಿಡಿದು, ಅದರ ಗುಂಟ ಗೆರೆ ಎಳೆಯುತ್ತಿದ್ದರು. ಸ್ಪ್ಲೈನ್ ಎಂಬ ಹೆಸರು ಆ ಪಟ್ಟಿಯದು. ಕಾರಿನವರೂ ಅದನ್ನೇ ಕಲಿತರು. ನಕ್ಷೆಯಿಂದ ಟೆಂಪ್ಲೇಟು, ಟೆಂಪ್ಲೇಟಿನಿಂದ ಮರದ ಮಾದರಿ, ಮಾದರಿಯಿಂದ ತಗಡು ಒತ್ತುವ ಅಚ್ಚು, ಅಂದರೆ ಡೈ. ಒಂದೊಂದು ಹಂತದಲ್ಲೂ ಆಕಾರ ಚೂರು ಚೂರು ಜಾರುತ್ತಿತ್ತು. ಕೊನೆಗೆ ಬಾಗಿಲು ಕೂರದಿದ್ದಾಗ ತಪ್ಪು ಯಾರದು ಎಂದು ಜಗಳ. ಮರದ ಮಾದರಿ ಮಳೆಗಾಲದಲ್ಲಿ ಉಬ್ಬುತ್ತದೆ ಎನ್ನುವುದು ಬೇರೆ.

ಈ ಜಗಳ ಬಗೆಹರಿದದ್ದು ಫ್ರಾನ್ಸಿನಲ್ಲಿ. ಸಿಟ್ರೊಯೆನ್ ಕಂಪನಿಯಲ್ಲಿದ್ದ ಗಣಿತಜ್ಞ ಪಾಲ್ ಡಿ ಕಾಸ್ಟೆಲ್ಜೊ 1959ರಲ್ಲಿ ಒಂದು ಉಪಾಯ ಕಂಡುಹಿಡಿದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯರ್ ಬೇಸಿಯರ್ ಅರವತ್ತರ ದಶಕದಲ್ಲಿ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿ, ಯೂನಿಸರ್ಫ್ ಎಂಬ ವ್ಯವಸ್ಥೆ ಕಟ್ಟಿ, ಪ್ರಕಟಿಸಿದರು. ಹೆಸರು ಪ್ರಕಟಿಸಿದವರಿಗೆ ಹೋಯಿತು. ಗುಟ್ಟು ಕಾಯುವ ಮ್ಯಾನೇಜರುಗಳು ಈ ಸಭೆಯಲ್ಲಿದ್ದರೆ ಇದನ್ನು ನೆನಪಿಟ್ಟುಕೊಳ್ಳಲಿ.

ಉಪಾಯವನ್ನು ಮನೆಯಲ್ಲೇ ಮಾಡಿ ನೋಡಬಹುದು. ಎಂಟು ಇಂಚಿನ ಚೌಕ ಹಲಗೆ, ನಾಲ್ಕು ಮೂಲೆಗೆ ನಾಲ್ಕು ಮೊಳೆ. ಕೆಳಗಿನ ಎಡ ಮೊಳೆಯಿಂದ ಮೇಲಕ್ಕೆ, ಅಲ್ಲಿಂದ ಬಲಕ್ಕೆ, ಅಲ್ಲಿಂದ ಕೆಳಕ್ಕೆ ದಾರ ಎಳೆಯಿರಿ. ಮೂರು ದಾರವಾಯಿತು. ಮೂರರ ನಟ್ಟನಡುವೆ ಗುರುತು ಹಾಕಿ: ಎಡದ ದಾರದಲ್ಲಿ ಗುರುತಿನ ಎತ್ತರ ನಾಲ್ಕು ಇಂಚು, ಮೇಲಿನದರಲ್ಲಿ ಎಂಟು, ಬಲದ್ದರಲ್ಲಿ ನಾಲ್ಕು. ಈ ಮೂರು ಗುರುತುಗಳನ್ನು ಸೇರಿಸಿದರೆ ಎರಡು ದಾರ. ಅವುಗಳ ನಡು ಆರು ಇಂಚಿಗೊಂದು, ಆರು ಇಂಚಿಗೊಂದು. ಅವೆರಡನ್ನು ಸೇರಿಸಿದರೆ ಒಂದೇ ದಾರ, ಅದರ ನಡು ಆರು ಇಂಚಿಗೆ. ಆ ಚುಕ್ಕೆಯೇ ನಿಮ್ಮ ಬಾಗಿದ ಗೆರೆಯ ನೆತ್ತಿ. ನಡುವಿನ ಬದಲು ಎಲ್ಲ ದಾರಗಳನ್ನೂ ಮೂರನೇ ಒಂದಕ್ಕೆ, ಹತ್ತನೇ ಒಂದಕ್ಕೆ ಗುರುತಿಸಿ ಹೋದರೆ ಗೆರೆಯ ಉಳಿದ ಚುಕ್ಕೆಗಳು ಸಿಗುತ್ತವೆ. ಕೂಡಿಸುವುದು, ಭಾಗಿಸುವುದು, ಇಷ್ಟೇ ಗಣಿತ.

ಆ ಗೆರೆ ಮೊದಲ ಮೊಳೆಯಿಂದ ಹೊರಟು ಕೊನೆಯ ಮೊಳೆಗೆ ಸೇರುತ್ತದೆ. ಮೇಲಿನ ಎರಡನ್ನು ಮುಟ್ಟುವುದೇ ಇಲ್ಲ, ಅವುಗಳ ಕಡೆ ವಾಲುತ್ತದೆ ಅಷ್ಟೆ. ಇಲ್ಲಿ ಕೂತ ತಾಯಂದಿರಿಗೆ ಇದು ಹೊಸದಲ್ಲ. ಸುತ್ತು ರಂಗೋಲಿಯಲ್ಲಿ ಎಳೆ ಚುಕ್ಕಿಯನ್ನು ಮುಟ್ಟದೆ ಬಳಸಿಕೊಂಡು ಹೋಗುತ್ತದೆ. ಆದರೂ ಎಳೆ ಎತ್ತ ಹೋಗಬೇಕೆಂದು ಹೇಳುವುದು ಚುಕ್ಕಿಯೇ. ಚುಕ್ಕಿ ಸರಿಸಿದರೆ ಚಿತ್ರ ಬದಲು. ಕಾರಿನ ವಿನ್ಯಾಸಕಾರ ಪರದೆಯ ಮೇಲೆ ಎಳೆದಾಡುವುದು ಕೂಡ ಚುಕ್ಕಿಗಳನ್ನು, ತಗಡನ್ನಲ್ಲ.

ಒಂದು ದಿಕ್ಕಿಗೆ ನಾಲ್ಕು ಮೊಳೆ ಎಂದರೆ ಗೆರೆ. ಎರಡು ದಿಕ್ಕಿಗೂ ನಾಲ್ಕು ನಾಲ್ಕು, ಒಟ್ಟು ಹದಿನಾರು ಎಂದರೆ ಮೇಲ್ಮೈ. ಹದಿನಾರು ಚುಕ್ಕಿಗೆ ಮೂರು ಮೂರು ಸಂಖ್ಯೆ, ಒಟ್ಟು 48. ನಕ್ಷೆ, ಟೆಂಪ್ಲೇಟು, ಮರದ ಮಾದರಿ ಎಲ್ಲ ಸೇರಿ ಹಿಡಿದಿಡಲಾಗದ್ದನ್ನು ಅರ್ಧ ಹಾಳೆಯಲ್ಲಿ ಬರೆಯಬಹುದು. 48 ಸಂಖ್ಯೆ ಮಳೆಗಾಲದಲ್ಲಿ ಉಬ್ಬುವುದಿಲ್ಲ.

ಒಂದೇ ತುಂಡಿನಲ್ಲಿ ಇಡೀ ಕಾರು ಮುಗಿದಿದ್ದರೆ ಮಾಮಾನಿಗೆ ಗೆರಿ ಸಿಗುತ್ತಲೇ ಇರಲಿಲ್ಲ. ತುಂಡುಗಳನ್ನು ಜೋಡಿಸಬೇಕು, ಕಷ್ಟವೆಲ್ಲ ಜೋಡಿನಲ್ಲಿ. ನಿಮ್ಮಲ್ಲಿ ಹಲವರು ಊರಿಗೆ ಹೋಗುವಾಗ ಸಾತಾರಾ ಕಡೆ ಖಂಬಾಟಕಿ ಘಾಟ್ ದಾಟಿದ್ದೀರಿ. ನೇರ ರಸ್ತೆ ಒಮ್ಮೆಲೇ ವೃತ್ತದ ತುಂಡಿಗೆ ಸೇರಿದೆ ಎಂದುಕೊಳ್ಳಿ. ರಸ್ತೆ ಎಲ್ಲೂ ಕಡಿದಿಲ್ಲ, ಮೂಲೆಯೂ ಇಲ್ಲ, ದಿಕ್ಕು ಕೂಡ ತಾಳೆಯಾಗಿದೆ. ಆದರೂ ಆ ಜಾಗದಲ್ಲಿ ಡ್ರೈವರು ಸ್ಟೇರಿಂಗನ್ನು ಒಮ್ಮೆಲೇ ಎಳೆಯಬೇಕು, ನಿದ್ದೆಯಲ್ಲಿದ್ದವರ ತಲೆ ಕಿಟಕಿಗೆ ಬಡಿಯಬೇಕು. ಯಾಕೆಂದರೆ ಬಾಗು ಸೊನ್ನೆಯಿಂದ ಥಟ್ಟನೆ ಒಂದು ಬೆಲೆಗೆ ಹಾರಿತು. ರಸ್ತೆ, ರೈಲು ಹಾಕುವವರು ಅದಕ್ಕೇ ನಡುವೆ ಬಾಗು ನಿಧಾನಕ್ಕೆ ಏರುವ ತುಂಡೊಂದನ್ನು ಸೇರಿಸುತ್ತಾರೆ. ತಗಡಿಗೂ ಇದೇ ನ್ಯಾಯ. ಎರಡು ತುಂಡು ಮುಟ್ಟಿದರೆ ಸಾಲದು, ಓರೆ ಕೂಡಿದರೂ ಸಾಲದು, ಬಾಗು ಕೂಡಬೇಕು.

ಎಷ್ಟು ಸೂಕ್ಷ್ಮ ಎಂದು ನೋಡಿ. ಐದು ಮೀಟರ್ ತ್ರಿಜ್ಯದ ಬಾನೆಟ್ಟಿನ ಮೇಲೆ ಒಂದಡಿಯ ಉಕ್ಕಿನ ಸ್ಕೇಲು, ಅಂದರೆ 300 ಮಿಲಿಮೀಟರಿನದು, ಇಟ್ಟರೆ ಆ ಉದ್ದದಲ್ಲಿ ತಗಡು 2.25 ಮಿಲಿಮೀಟರ್ ಬಾಗಿರುತ್ತದೆ. ತ್ರಿಜ್ಯ ಆರು ಮೀಟರ್ ಆದರೆ 1.875. ನಡುವಿನ ವ್ಯತ್ಯಾಸ ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತ ಚೂರು ಹೆಚ್ಚು. ಅಳತೆಯಲ್ಲಿ ಇದು ಪಾಸಾಗಬಹುದು. ಬಣ್ಣ ಬಿದ್ದು ಶೋರೂಮಿನ ಟ್ಯೂಬ್‌ಲೈಟ್ ಕೆಳಗೆ ನಿಂತ ದಿನ ಪಾಸಾಗುವುದಿಲ್ಲ. ಮೇಲ್ಮೈ ಅರ್ಧ ಡಿಗ್ರಿ ವಾಲಿದರೆ ಪ್ರತಿಬಿಂಬ ಒಂದು ಡಿಗ್ರಿ ಸರಿಯುತ್ತದೆ, ಕನ್ನಡಿ ತಪ್ಪನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ. ಓರೆ ಮಾತ್ರ ಕೂಡಿದ ಜೋಡಿನಲ್ಲಿ ಟ್ಯೂಬ್‌ಲೈಟಿನ ಬಿಂಬ ಮುರಿದ ಬಳೆಯ ಹಾಗೆ ಮಡಚುತ್ತದೆ, ಬಾಗೂ ಕೂಡಿದ್ದರೆ ನೀರಿನ ಹಾಗೆ ಹರಿಯುತ್ತದೆ. ಗಣಕಯಂತ್ರ ಇದನ್ನು ತಗಡು ಹುಟ್ಟುವ ಮೊದಲೇ ಪರದೆಯ ಮೇಲೆ ಮಾಡಿ ತೋರಿಸುತ್ತದೆ. ಕಪ್ಪು-ಬಿಳಿ ಪಟ್ಟೆಗಳ ಬೆಳಕು ಬಿದ್ದಂತೆ ಲೆಕ್ಕ ಹಾಕುವ ಇದಕ್ಕೆ ಜೀಬ್ರಾ ಎಂದೇ ಹೆಸರು.

ನಮ್ಮಲ್ಲಿಗೆ ಅಂಥ ಯಂತ್ರ ಬಂದ ವಾರ ಮಾಮಾನನ್ನು ಕರೆದು ತೋರಿಸಿದೆ. ನನಗೆ ಹೊಸ ಸೈಕಲ್ಲು ತೋರಿಸುವ ಹುಡುಗನ ಉಮೇದು. ಅವರು ಬಹಳ ಹೊತ್ತು ಪಟ್ಟೆಗಳನ್ನು ನೋಡಿದರು. ಆಮೇಲೆ ಕೈ ಒರೆಸಿಕೊಂಡು, ಅಭ್ಯಾಸಬಲದಿಂದ, ಅಂಗೈಯನ್ನು ಮಾನಿಟರಿನ ಗಾಜಿನ ಮೇಲಿಟ್ಟು ಸವರಿದರು. "ಎಲ್ಲಾ ಸಪಾಟ ಐತಲ್ಲೋ ತಮ್ಮಾ" ಎಂದರು. ನಗಬೇಕೆಂದು ಹೇಳಿದರೋ, ನಿಜವಾಗಿಯೇ ಹೇಳಿದರೋ ಇವತ್ತಿಗೂ ಗೊತ್ತಾಗಿಲ್ಲ. ಪಟ್ಟೆ ಮುರಿದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಅದೇ ಡೈನಲ್ಲಿ ಮುಂದೆ ಅವರ ಕೈ ನಿಂತದ್ದೂ ಅದೇ ಜಾಗದಲ್ಲಿ.

1998ರ ಕೊನೆಗೆ ಈ ಊರಿನಿಂದಲೇ ಟಾಟಾ ಇಂಡಿಕಾ ಹೊರಬಂತು. ಮೈಕಟ್ಟಿನ ಶೈಲಿಗೆ ಇಟಲಿಯ ಟ್ಯೂರಿನ್‌ನ ಐ.ಡಿ.ಇ.ಎ. ಸಂಸ್ಥೆಯ ಸಹಾಯವಿತ್ತು. ಆ ದಿನಗಳ ಭೋಸರಿ, ಚಾಕಣ್, ತಳವಡೆಯ ಸಣ್ಣ ವರ್ಕ್‌ಶಾಪುಗಳಿಗೆ ನಕ್ಷೆಯ ಸುರುಳಿಯ ಬದಲು ಫೈಲು ಬರತೊಡಗಿದ್ದನ್ನು ಕಂಡವರು ಇಲ್ಲಿದ್ದೀರಿ. ಮೇಲ್ಮೈಯ ಲೆಕ್ಕ ಗೊತ್ತಿದ್ದವನಿಗೆ ಕೆಲಸ ಸಿಕ್ಕಿತು. ಗೊತ್ತಿಲ್ಲದವನು ಕಲಿತ, ಇಲ್ಲವೇ ಊರಿಗೆ ಹೋದ.

ಹೊಟ್ಟಿ, ತಗ್ಗಿನ ಕಡೆಗೆ ಬರೋಣ. ಇವುಗಳಿಗೆ ಸಂಖ್ಯೆ ಕೊಟ್ಟವರು ಕಾರ್ಲ್ ಫ್ರೆಡ್ರಿಕ್ ಗೌಸ್, 1827ರಲ್ಲಿ, ಕಾರಿನ ಹೆಸರೂ ಇಲ್ಲದ ಕಾಲದಲ್ಲಿ. ಮೇಲ್ಮೈಯ ಒಂದು ಬಿಂದುವಿನಲ್ಲಿ ಅತಿ ಹೆಚ್ಚು ಬಾಗು ಯಾವ ದಿಕ್ಕಿಗೆ, ಅತಿ ಕಡಿಮೆ ಯಾವ ದಿಕ್ಕಿಗೆ ಎಂದು ನೋಡಿ ಎರಡನ್ನೂ ಗುಣಿಸಿ. ಮಡಕೆಯ ಹೊಟ್ಟೆಯಲ್ಲಿ ಎರಡೂ ಒಂದೇ ಕಡೆ ಬಾಗಿರುತ್ತವೆ, ಗುಣಲಬ್ಧ ಧನ. ಕುದುರೆಯ ಜೀನಿನಲ್ಲಿ ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಗುಣಲಬ್ಧ ಋಣ. ಕೊಳವೆಯಲ್ಲಿ ಒಂದು ದಿಕ್ಕು ನೇರ, ಗುಣಲಬ್ಧ ಸೊನ್ನೆ. ತಗಡನ್ನು ಹಿಗ್ಗಿಸದೆ, ಹರಿಯದೆ ನೀವು ಹೇಗೆ ಬಾಗಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ ಎಂದು ಗೌಸ್ ತೋರಿಸಿದರು. ಅವರೇ ಬೆರಗಾಗಿ ಅದಕ್ಕೆ "ಗಮನಾರ್ಹ ಪ್ರಮೇಯ" ಎಂದು ಹೆಸರಿಟ್ಟರು.

ಕಿರಾಣಿ ಅಂಗಡಿಯವನು ಕಾಗದ ಸುತ್ತಿ ಶೇಂಗಾದ ಪೊಟ್ಟಣ ಮಾಡುತ್ತಾನಲ್ಲ, ಪೊಟ್ಟಣದ ಈ ಗುಣಲಬ್ಧ ಸೊನ್ನೆ, ಕಾಗದದ್ದೂ ಸೊನ್ನೆ, ಅದಕ್ಕೇ ಸುಕ್ಕಿಲ್ಲದೆ ಕೂಡುತ್ತದೆ. ಅದೇ ಕಾಗದದಲ್ಲಿ ತೆಂಗಿನಕಾಯಿ ಸುತ್ತಿ ನೋಡಿ, ಸುಕ್ಕು ಬಂದೇ ಬರುತ್ತದೆ. ಅಂಗಡಿಯವನ ಕೈಚಳಕ ಅಲ್ಲಿ ನಡೆಯುವುದಿಲ್ಲ, ಗೌಸ್ ಬಿಡುವುದಿಲ್ಲ. ಮುಕ್ಕಾಲು ಮಿಲಿಮೀಟರ್ ದಪ್ಪದ ತಗಡಿನಿಂದ ಹೊಟ್ಟೆಯುಳ್ಳ ಆಕಾರ ಬೇಕೆಂದರೆ ಅದನ್ನು ಹಿಗ್ಗಿಸಲೇಬೇಕು, ಹಿಗ್ಗಿದಲ್ಲಿ ತೆಳ್ಳಗಾಗುತ್ತದೆ, ಹೆಚ್ಚಾದರೆ ಹರಿಯುತ್ತದೆ. ಡ್ರಾಯಿಂಗ್ ಡೈನಲ್ಲಿ ತಗಡಿನ ಅಂಚನ್ನು ಒತ್ತಿ ಹಿಡಿಯುವುದು, ಬೀಡ್ ಕೊಟ್ಟು ತಡೆಯುವುದು ಎಲ್ಲವೂ ಈ ಹಿಗ್ಗನ್ನು ಹಂಚುವ ಕಸರತ್ತು. ಇನ್ನು ಪ್ರೆಸ್ಸಿನಿಂದ ಬಿಡಿಸಿಕೊಂಡ ತಗಡು ಕೊಂಚ ಹಿಂದಕ್ಕೆ ಚಿಮ್ಮುತ್ತದೆ, ಸ್ಪ್ರಿಂಗ್ ಬ್ಯಾಕ್. ಹೀಗಾಗಿ ಡೈ ಆಕಾರ ಬೇರೆ, ಭಾಗದ ಆಕಾರ ಬೇರೆ. ಚಿಮ್ಮಿ ಬಂದು ನಿಲ್ಲುವ ಜಾಗ ಸರಿಯಾಗಲೆಂದು ಬೇಕೆಂದೇ ತಪ್ಪು ಕೊರೆಯಬೇಕು. ಆ ತಪ್ಪು ಎಷ್ಟಿರಬೇಕೆಂದು ಮಾಮಾ ಅನುಭವದಿಂದ ಹೇಳುತ್ತಿದ್ದರು, ಈಗ ಲೆಕ್ಕದಿಂದ ಹೇಳುತ್ತಾರೆ. ಲೆಕ್ಕವೂ ಒಂದೆರಡು ಸಲ ಪ್ರೆಸ್ಸಿನ ಮುಂದೆ ಸೋಲುತ್ತದೆ.

ಇಷ್ಟೊತ್ತು ಹೇಳಿದ್ದು ನಯವಾದ ಮೇಲ್ಮೈಯ ಮಾತು. ಸ್ಕ್ಯಾನರ್ ಹಿಡಿದು ಒಂದು ವಸ್ತುವನ್ನು ಅಳೆದರೆ ಕೈಗೆ ಬರುವುದು ಲಕ್ಷಗಟ್ಟಲೆ ಚುಕ್ಕಿ, ಅವುಗಳನ್ನು ಹೆಣೆದ ತ್ರಿಕೋನಗಳ ಜಾಳಿಗೆ. ತ್ರಿಕೋನ ಸಪಾಟ. ಹಾಗಾದರೆ ಬಾಗು ಎಲ್ಲಿ ಅಡಗಿದೆ? ಮೂಲೆಗಳಲ್ಲಿ. ಒಂದು ರಟ್ಟಿನ ಡಬ್ಬಿಯ ಮೂಲೆಯಲ್ಲಿ ಮೂರು ಲಂಬಕೋನ ಸೇರುತ್ತವೆ, 270 ಡಿಗ್ರಿ. ಸಪಾಟ ನೆಲದಲ್ಲಾದರೆ 360 ಇರಬೇಕಿತ್ತು. 90 ಕೊರತೆ. ಎಂಟು ಮೂಲೆಗೆ ಒಟ್ಟು 720. ಇಪ್ಪತ್ತು ಸಮಬಾಹು ತ್ರಿಕೋನಗಳಿಂದ ಕಟ್ಟಿದ ಆಕಾರ ತೆಗೆದುಕೊಳ್ಳಿ: ಮೂಲೆಗೆ ಐದು ತ್ರಿಕೋನ, 300 ಡಿಗ್ರಿ, ಕೊರತೆ 60, ಮೂಲೆ ಹನ್ನೆರಡು, ಮತ್ತೆ 720. ನೀವು ಆಲೂಗಡ್ಡೆಯ ಆಕಾರ ಕಟ್ಟಿ, ಗಣಪತಿಯ ಹೊಟ್ಟೆ ಕಟ್ಟಿ, ತೂತಿಲ್ಲದ ಮುಚ್ಚಿದ ಆಕಾರವಾದರೆ ಮೊತ್ತ 720ಕ್ಕೆ ಬಂದು ನಿಲ್ಲುತ್ತದೆ. ಮೇದುವಡೆಯಂತೆ ನಡುವೆ ತೂತಿದ್ದರೆ ಸೊನ್ನೆ. ದೆಕಾರ್ತ್ ಇದನ್ನು ಕಂಡಿದ್ದರು. ನನಗೆ ಇದು ಮೊದಲು ಗೊತ್ತಾದ ರಾತ್ರಿ ಮನೆಯ ಎಲ್ಲ ಡಬ್ಬಿಗಳನ್ನು ಅಳೆದು ಹೆಂಡತಿಯಿಂದ ಬೈಸಿಕೊಂಡೆ.

ಯಂತ್ರಕ್ಕೆ ಇಂಥ ಎಣಿಕೆಯ ಉಪಯೋಗ ತಕ್ಷಣದ್ದು. ಮುಚ್ಚಿದ ಜಾಳಿಗೆಯಲ್ಲಿ ಒಂದೊಂದು ಅಂಚಿಗೂ ಎರಡು ತ್ರಿಕೋನ ಅಂಟಿರಬೇಕು. ಒಂದೇ ಅಂಟಿದ್ದರೆ ಅಲ್ಲಿ ಹರಿದಿದೆ ಎಂದು ಅರ್ಥ. ಲಕ್ಷ ತ್ರಿಕೋನಗಳಲ್ಲಿ ಹರಿದ ಜಾಗವನ್ನು ಕಣ್ಣು ಹುಡುಕಲಾರದು, ಎಣಿಕೆ ಹುಡುಕುತ್ತದೆ. ತ್ರಿಕೋನಗಳನ್ನು ಸಾಗಿಸುವ ಎಸ್‌ಟಿಎಲ್ ಎಂಬ ಫೈಲು 1987ರಿಂದ ಇದೆ, ತ್ರೀಡಿ ಪ್ರಿಂಟರಿನವರ ದಿನಸಿ ಅದೇ. ಅದರಲ್ಲಿ ಒಂದು ಕೊರತೆ ಇದೆ. ಸಂಖ್ಯೆ ಇರುತ್ತದೆ, ಮಿಲಿಮೀಟರೋ ಇಂಚೋ ಎಂದು ಬರೆದಿರುವುದಿಲ್ಲ. ಒಮ್ಮೆ ನಾನು ಇಂಚಿನಲ್ಲಿದ್ದ ಹಿಡಿಕೆಯ ಫೈಲನ್ನು ಹಾಗೇ ಕಳಿಸಿಬಿಟ್ಟೆ. ಪ್ರಿಂಟು ಮಾಡಿದವರು ಅದನ್ನು ಮಿಲಿಮೀಟರ್ ಎಂದು ಓದಿದರು. ಹತ್ತು ಸೆಂಟಿಮೀಟರಿನ ಹಿಡಿಕೆ 25.4 ಪಟ್ಟು ಕುಗ್ಗಿ, ಪ್ಲಾಸ್ಟಿಕ್ ಚೀಲದ ಮೂಲೆಯಲ್ಲಿ ತೊಗರಿಬೇಳೆಯಷ್ಟಾಗಿ ಬಂತು. ಬಿಲ್ಲು ಮಾತ್ರ ಕುಗ್ಗಿರಲಿಲ್ಲ.

ಒರಟು ಜಾಳಿಗೆಯನ್ನು ನಯ ಮಾಡುವ ವಿದ್ಯೆಗೆ ಉಪವಿಭಜನೆ ಎನ್ನೋಣ. 1974ರಲ್ಲಿ ಜಾರ್ಜ್ ಚೈಕಿನ್ ಹೇಳಿದ ದಾರಿ ಸರಳ: ಮೂಲೆ ಕತ್ತರಿಸು, ಹೊಸ ಮೂಲೆಗಳನ್ನೂ ಕತ್ತರಿಸು, ಮತ್ತೆ ಕತ್ತರಿಸು. 1978ರಲ್ಲಿ ಎಡ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ ಇಂಥ ನಯಗೊಳಿಸುವಿಕೆಯನ್ನು ಮೇಲ್ಮೈಗೆ ಒಯ್ದರು. ಪಿಕ್ಸಾರ್‌ನವರ 1997ರ "ಗೆರೀಸ್ ಗೇಮ್" ಚಿತ್ರದಲ್ಲಿ ತನ್ನೊಡನೆ ತಾನೇ ಚದುರಂಗ ಆಡುವ ಮುದುಕನ ಚರ್ಮ ಅದರಿಂದಲೇ ಆದದ್ದು. ನಮ್ಮ ಮಟ್ಟಿಗೆ ಹತ್ತಿರದ ಉದಾಹರಣೆ ಶಿವಲಿಂಗ. ಶಿಲ್ಪಶಾಸ್ತ್ರದ ಪ್ರಕಾರ ಅದರ ಬುಡ ಚೌಕ, ನಡು ಎಂಟು ಮೂಲೆ, ತಲೆ ದುಂಡು: ಬ್ರಹ್ಮಭಾಗ, ವಿಷ್ಣುಭಾಗ, ರುದ್ರಭಾಗ. ಪೀಠದೊಳಗೆ ಹೂತಿರುವ ಚೌಕ ನಮಗೆ ಕಾಣುವುದಿಲ್ಲ. ಚೌಕದಿಂದ ಎಂಟು, ಎಂಟರಿಂದ ಹದಿನಾರು, ಹಾಗೇ ದುಂಡು. ಶಿಲ್ಪಿ ಉಳಿ ಹಿಡಿದು ಮಾಡುವುದು ಮೂಲೆ ಕತ್ತರಿಸುವ ಕೆಲಸವನ್ನೇ.

ಶಿಲ್ಪಿ, ಚೈಕಿನ್ ಇಬ್ಬರ ಕೈಯೂ ಒಂದೇ ಅಲ್ಲ, ಅದು ನನಗೆ ಬಹಳ ಇಷ್ಟದ ಭಾಗ. ನೂರು ಅಂಗುಲದ ಚೌಕಕ್ಕೆ ಸಮನಾದ ಎಂಟು ಬದಿ ಬರಬೇಕೆಂದರೆ ಶಿಲ್ಪಿ ಬದಿಯ ಎರಡೂ ತುದಿಯಿಂದ ಸುಮಾರು 29 ಬಿಟ್ಟು ಕತ್ತರಿಸಬೇಕು. ಚೈಕಿನ್ ಲೆಕ್ಕ ಸುಲಭವಾಗಲೆಂದು ಕಾಲುಭಾಗ, 25ಕ್ಕೆ ಕತ್ತರಿಸುತ್ತಾರೆ. ಕತ್ತರಿಸುತ್ತ ಹೋದರೆ ಶಿಲ್ಪಿಗೆ ವೃತ್ತ ಸಿಗುತ್ತದೆ, ಚೈಕಿನ್‌ಗೆ ನಯವಾದದ್ದು ಸಿಗುತ್ತದೆ, ವೃತ್ತವಲ್ಲ. ಬದಿಯ ನಡುವೆ ನಡುಬಿಂದುವಿನಿಂದ 50 ದೂರ, ಮೂಲೆಯ ದಿಕ್ಕಿನಲ್ಲಿ 53. ನಾಲ್ಕು ಪರವಲಯಗಳನ್ನು ಹೊಲಿದ ಆಕಾರ ಅದು. ಬೇಸಿಯರ್ ಗೆರೆಗೂ ಇದೇ ಕೊರತೆ, ಎಷ್ಟು ಮೊಳೆ ಹೊಡೆದರೂ ನಿಜವಾದ ವೃತ್ತ ಬರುವುದಿಲ್ಲ. ಬೇರಿಂಗ್ ಕೂರಿಸುವವನಿಗೆ ಹತ್ತಿರ-ಹತ್ತಿರದ ವೃತ್ತ ಕೊಟ್ಟರೆ ಆಗುತ್ತದೆಯೇ? ಅದಕ್ಕೆ ಪ್ರತಿ ಮೊಳೆಗೂ ಒಂದು ತೂಕ ಕಟ್ಟುವ ಪದ್ಧತಿ ಬಂತು. ಮೂಲೆಯ ಮೊಳೆಯ ತೂಕವನ್ನು ಒಂದರಿಂದ 0.707ಕ್ಕೆ ಇಳಿಸಿದರೆ ಸೆಳೆತ ಕಡಿಮೆಯಾಗಿ 53 ಸರಿಯಾಗಿ 50ಕ್ಕೆ ಬಂದು ಕೂರುತ್ತದೆ. ನರ್ಬ್ಸ್ ಎಂದು ನಿಮ್ಮ ಮಕ್ಕಳು ಹಿಂಜವಡಿಯ ಆಫೀಸುಗಳಲ್ಲಿ ದಿನವೂ ಹೇಳುವ ಶಬ್ದದ ಹಿಂದೆ ಈ ತೂಕ ಇದೆ. ಕೆನೆತ್ ವರ್ಸ್‌ಪ್ರಿಲ್ 1975ರಲ್ಲಿ ಅದರ ಮೇಲೆ ಪಿಎಚ್.ಡಿ. ಪ್ರಬಂಧ ಬರೆದರು.

ನಮ್ಮ ನಾಡಿನಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜಯ್ ಚಂದ್ರು, ಸ್ವಾಮಿ ಮನೋಹರ್ ತೊಂಬತ್ತರ ದಶಕದಲ್ಲೇ ಆಕಾರವನ್ನು ಕಲ್ಲುಸಕ್ಕರೆಯಂಥ ಸಣ್ಣ ಘನಗಳಾಗಿ ಒಡೆದು, ಪದರ ಪದರವಾಗಿ ತಯಾರಿಸುವ ಬಗ್ಗೆ ಬರೆದರು. ಅಲ್ಲಿಯ ಬಿ. ಗುರುಮೂರ್ತಿ ಅವರದು ಇನ್ನೊಂದು ಪ್ರಶ್ನೆ: ಮೇಲ್ಮೈಗಳ ಗುಂಪನ್ನು ನೋಡಿ ಇದು ತೂತು, ಇದು ತೋಡು, ಇದು ಪಾಕೆಟ್ಟು ಎಂದು ಯಂತ್ರ ಗುರುತಿಸುವುದು ಹೇಗೆ? ಅದು ಗೊತ್ತಾಗದೆ ಯಾವ ಡ್ರಿಲ್ಲು ಹಾಕಬೇಕೆಂದು ಯಂತ್ರ ತಾನಾಗಿ ನಿರ್ಧರಿಸಲಾರದು.

ಇನ್ನೊಂದು ಕೆಲಸ ಹಂಪಿಯದು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯಲ್ಲಿ ಹಂಪಿಯ ಸ್ಮಾರಕಗಳನ್ನು ಅಂಕಿಗಳಲ್ಲಿ ಹಿಡಿದಿಡುವಾಗ ಹುಬ್ಬಳ್ಳಿಯ ಬಿ.ವಿ.ಬಿ. ತಾಂತ್ರಿಕ ಕಾಲೇಜಿನವರೂ, ಈಗ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಪಾಲುಗೊಂಡರು. ಒಂದು ಕಂಬವನ್ನು ಒಂದೇ ಕಡೆಯಿಂದ ಪೂರ್ತಿ ಅಳೆಯಲು ಬರುವುದಿಲ್ಲ. ನಾಲ್ಕಾರು ಕಡೆಯಿಂದ ಅಳೆದು, ಒಡೆದ ಹೆಂಚಿನ ಚೂರುಗಳನ್ನು ಕೂಡಿಸಿದಂತೆ ಕೂಡಿಸಬೇಕು. ಹೀಗೆ ಕೂಡಿಸುವ ಹೆಸರಾಂತ ಕ್ರಮವನ್ನು 1992ರಲ್ಲಿ ಪ್ರಕಟಿಸಿದವರು ಪಾಲ್ ಬೆಸ್ಲ್, ನೀಲ್ ಮೆಕೇ. ಅವರು ಕೆಲಸಕ್ಕಿದ್ದದ್ದು ಜನರಲ್ ಮೋಟರ್ಸ್‌ನಲ್ಲಿ. ಒಂದು ಕಡೆಯ ಚುಕ್ಕಿಗೆ ಇನ್ನೊಂದು ಕಡೆಯ ಅತಿ ಹತ್ತಿರದ ಚುಕ್ಕಿಯನ್ನು ಜೋಡಿ ಮಾಡಿ, ಸ್ವಲ್ಪ ತಿರುಗಿಸಿ, ಮತ್ತೆ ಜೋಡಿ ಹುಡುಕಿ, ಸರಿಕೂಡುವತನಕ ಹೀಗೇ. ನಮ್ಮ ಬಾನೆಟ್ಟು ನಕ್ಷೆಗೆ ತಾಳೆಯಾಗುತ್ತದೆಯೇ ಎಂದು ಕ್ವಾಲಿಟಿಯವರು ನೋಡುವುದೂ ಈ ಕ್ರಮದಿಂದಲೇ.

ಕಲ್ಲು ಒಡೆದಲ್ಲಿ, ಸ್ಕ್ಯಾನರ್ ತಲುಪದಲ್ಲಿ ತೂತು ಉಳಿಯುತ್ತದೆ. ಸುತ್ತಲಿನ ಬಾಗನ್ನು ಲೆಕ್ಕ ಹಾಕಿ ಅದನ್ನು ತುಂಬುವ ವಿಧಾನಗಳಿವೆ. ಇಲ್ಲಿ ನನಗೊಂದು ತಕರಾರು. ಬಾನೆಟ್ಟಿನ ತೂತನ್ನು ಲೆಕ್ಕ ತುಂಬಿದರೆ ತುಂಬಲಿ, ನಕ್ಷೆ ನಮ್ಮ ಹತ್ತಿರವೇ ಇದೆ. ವಿಠ್ಠಲ ಗುಡಿಯ ಯಾಳಿಯ ಮೂತಿ ಒಡೆದಿದ್ದರೆ ಸುತ್ತಲಿನ ಬಾಗು ಹೇಳುವುದು ನಯವಾದ ಮೂತಿಯನ್ನು. ಶಿಲ್ಪಿ ಅಲ್ಲಿ ಬೇಕೆಂದೇ ಒಂದು ಗೆರಿ ಬಿಟ್ಟಿದ್ದರೆ? ತುಂಬಲಿ, ಬೇಡವೆನ್ನುವುದಿಲ್ಲ, ತುಂಬಿದ ಭಾಗಕ್ಕೆ ಬೇರೆ ಬಣ್ಣ ಬಳಿದು ತೋರಿಸಲಿ. ನಾವು ಡೈ ಮೇಲೆ ವೆಲ್ಡಿಂಗ್ ಮಾಡಿ ಸರಿಪಡಿಸಿದ ಜಾಗಕ್ಕೆ ಸುತ್ತ ಚಾಕ್‌ನಿಂದ ಗೆರೆ ಹಾಕಿ, ತಾರೀಖು ಬರೆಯುತ್ತಿದ್ದೆವು. ಆ ಶಿಸ್ತನ್ನೂ ಮಾಮಾನೇ ಕಲಿಸಿದ್ದು.

ಹೊತ್ತಾಯಿತು, ಉಪ್ಪಿಟ್ಟಿನ ವಾಸನೆ ಬರುತ್ತಿದೆ. ಹೊರಗಿನ ಮೇಜಿನ ಮೇಲೆ ಒಂದು ಹಲಗೆ, ನಾಲ್ಕು ಮೊಳೆ, ಒಂದು ಉಂಡೆ ದಾರ ಇಟ್ಟಿದ್ದೇನೆ, ಪಕ್ಕದಲ್ಲಿ ಹಳೆಯದೊಂದು ಬಾನೆಟ್ಟಿನ ತುಂಡೂ ಇದೆ. ಮಕ್ಕಳು ದಾರ ಕಟ್ಟಿ ನೋಡಲಿ. ದೊಡ್ಡವರು ತುಂಡಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಸವರಿ. ಎಡಗಡೆಯ ಅಂಚಿನಿಂದ ಒಂದು ಗೇಣು ಒಳಗೆ ಏನೋ ಇದೆ, ಏನೆಂದು ನಾನು ಹೇಳುವುದಿಲ್ಲ. ಮೊಳೆ ನಾಲ್ಕಿದ್ದವು, ಎಣಿಸಿ ವಾಪಸು ಕೊಡಿ.